ತೊಂಬತ್ತೊಂದನೇ ಟೋಕನ್ನು

ಸಿಕಂದರಾಬಾದಿನ ಪುಟ್ಟ ಕನ್ನಡ ಸಭೆಗೆ ನಾನು ಪಾಸ್ಟರು. ನಲವತ್ತು ಜನ, ಎರಡು ಫ್ಯಾನು, ಒಂದು ಹಾರ್ಮೋನಿಯಂ. ಭಾನುವಾರ ಯಾರೂ ಬರದಿದ್ದರೆ ಏನು ಗತಿ ಎಂದು ಶುಕ್ರವಾರದಿಂದಲೇ ಚಿಂತಿಸುವುದು ನನ್ನ ಕಸುಬು. ಹೀಗಿರುವಾಗ ಸಭೆಯ ಹುಡುಗಿಯೊಬ್ಬಳು ಅಮೆರಿಕದ ವೀಸಾ ಸಂದರ್ಶನಕ್ಕೆ ಹೊರಟಳು. ಅವಳ ಪಾಸ್‌ಪೋರ್ಟಿನ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಇದರಲ್ಲೇನು ಅಪಾಯ?

ವೀಸಾ ಸಿಕ್ಕಿಬಿಟ್ಟಿತು. ನಾನು ಕೆಟ್ಟೆ!

ಸುದ್ದಿ ಹಬ್ಬಿ, ಊರಿನ ಆ ತುದಿಯ ಕೂಕಟ್‌ಪಲ್ಲಿಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದವರೆಲ್ಲ ನಮ್ಮ ಬಾಗಿಲಿಗೆ ಬಂದರು. ಕನ್ನಡದ ಒಂದಕ್ಷರ ಬಾರದವರು ನನ್ನ ಪ್ರಸಂಗವನ್ನು ಆಕಳಿಸುತ್ತ ಸಹಿಸಿ, ಆಮೆನ್ ಎನ್ನುವ ಮೊದಲೇ ನುಗ್ಗುತ್ತಿದ್ದರು. ಒಬ್ಬನಂತೂ ನನ್ನ ಅಂಗೈ ಎಳೆದು ತನ್ನ ಪಾಸ್‌ಪೋರ್ಟಿಗೆ ಒತ್ತಿಕೊಂಡು ಹೋದ. ನಾನೇನು ರಬ್ಬರ್ ಸ್ಟಾಂಪೇ?

ಸಭೆಯ ಹಿರಿಯ ಪ್ರಭುದಾಸರು ಟೋಕನ್ ಹಂಚತೊಡಗಿದರು. ನನ್ನ ಮೈಯೆಲ್ಲ ಉರಿಯಿತು.

"ಇದೇನ್ ದೇವರ ಮನಿಯೋ, ರೇಷನ್ ಅಂಗಡಿಯೋ?"

"ಮಂದಿ ಭಾಳ ಐತ್ರಿ ಅಯ್ಯನೋರ. ಸಿಟ್ಟು ಆಮ್ಯಾಲ ಮಾಡ್ರಿ, ಕೈ ಜಲ್ದಿ ಇಡ್ರಿ."

ಜಲ್ದಿ ಇಟ್ಟೆ. ಅರವತ್ತನೇ ಟೋಕನ್ ದಾಟಿದ ಮೇಲೆ ಕಣ್ಣು ತೆರೆಯುವುದನ್ನೇ ಬಿಟ್ಟೆ. ಕೈಗೆ ಪಾಸ್‌ಪೋರ್ಟೋ ತಲೆಯೋ ತಗುಲಿದರೆ "ವೀಸಾ ದಯಪಾಲಿಸು ಕರ್ತನೇ", ಮುಂದಿನ ತಲೆ!

ಮನೆಯಲ್ಲಿ ಜನರನ್ನು ಬೈಯುತ್ತ ಕೂತರೆ ಹೆಂಡತಿ ಸುನಂದಾ ಕೇಳಿದಳು: "ಮಂದಿ ಬ್ಯಾಡ ಅಂದ್ರ, ಈ ಹೊಸಾ ಜುಬ್ಬಾ ಯಾರ ಸಲುವಾಗಿ ಹೊಲಿಸೀರಿ?"

ಜುಬ್ಬಾದ ಇಸ್ತ್ರಿ ಕೆಡದಂತೆ ಎದ್ದು, ಘನತೆಯಿಂದ ಹೊರನಡೆದೆ.

ಈ ಗದ್ದಲದಲ್ಲಿ, ಸದಾ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ದೇವಮ್ಮ ಜಾಗವಿಲ್ಲದೆ ಹೊರಗಿನ ಮೆಟ್ಟಿಲಿಗೆ ಸರಿದಿದ್ದಳು. ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವಳು. ಸಾಫ್ಟ್‌ವೇರ್ ಕಂಪನಿಗೆಂದು ಏಳುತ್ತಿದ್ದ ಗೋಪುರದಂಥ ಕಟ್ಟಡದಿಂದ ಗಂಡ ಯೇಸಪ್ಪ ಬಿದ್ದು ಆಸ್ಪತ್ರೆ ಸೇರಿದ್ದ.

"ಕಾಲು ಉಳಿಯೂದು ಕಷ್ಟ ಅಂತಾರ್ರಿ. ಒಮ್ಮೆ ಬಂದು ಕೈ ಇಡ್ರಿ, ಅಯ್ಯನೋರ."

"ನಾಳಿ ಬರ್ತೀನವಾ."

ಮೂರು ವಾರ ನಾಳೆಗಳೇ ಕಳೆದವು. ಆಮೇಲೆ ಅವಳು ಕೇಳುವುದನ್ನೇ ನಿಲ್ಲಿಸಿದಳು. ಮುಂದಿನ ಭಾನುವಾರ ಮೆಟ್ಟಿಲಲ್ಲೂ ಇಲ್ಲ! ಯೇಸಪ್ಪ ಹೋಗೇಬಿಟ್ಟನೇ? ಅದೇ ಹೊತ್ತಿಗೆ ಒಬ್ಬ ಐದು ಪಾಸ್‌ಪೋರ್ಟು ಒಟ್ಟಿಗೆ ಚಾಚಿ, "ಜಲ್ದಿ ಪಾಸ್ಟರ್‌ಜೀ, ಆಟೋ ಖಡಾ ಹೈ" ಎಂದು ಹೊರಗೆ ಕಾಯುತ್ತಿದ್ದ ಆಟೋ ತೋರಿಸಿದ.

ಸಿಡಿದೆ. "ವೀಸಾ ಪ್ರಾರ್ಥನೆ ಇಂದಿಗೆ ಬಂದ್! ನಿಮ್ಮಿಂದಾಗಿ ನನ್ನ ಸಭೆಯವನನ್ನೇ ನೋಡಾಕ ಆಗವಲ್ದು!" ಎಂದು ಗರ್ಜಿಸಿ, ಅವನದೇ ಆಟೋ ಹತ್ತಿ ಆಸ್ಪತ್ರೆಗೆ ಓಡಿದೆ.

ದೇವಮ್ಮ ಹೇಳಿದ್ದ ನಂಬರಿನ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಯಾರನ್ನೂ ಕೇಳುವ ಧೈರ್ಯವಾಗದೆ, ಮನಸ್ಸಿನಲ್ಲೇ ಸಮಾಧಿ ಪ್ರಸಂಗ ಸಿದ್ಧಪಡಿಸುತ್ತ ದೇವಮ್ಮನ ತಗಡಿನ ಶೆಡ್ಡಿಗೆ ಹೋದೆ.

ಬಾಗಿಲಲ್ಲಿ ಯೇಸಪ್ಪ ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಚಹಾ ಕುಡಿಯುತ್ತಿದ್ದ!

"ತಪ್ಪಾತವಾ ದೇವಮ್ಮ. ಆ ಮಂದಿ ನನ್ನ ಬಿಡಲಿಲ್ಲ. ಈಗರ ಪ್ರಾರ್ಥನಾ ಮಾಡ್ತೀನಿ."

"ಹೋದ ಐತ್ವಾರನ ಮಾಡೀರಲ್ರಿ," ಎಂದಳು ದೇವಮ್ಮ. ಸೆರಗಿನ ಗಂಟು ಬಿಚ್ಚಿ ಟೋಕನ್ ತೋರಿಸಿದಳು. ತೊಂಬತ್ತೊಂದು. "ದವಾಖಾನಿಯಿಂದ ಬಿಟ್ಟ ಮರುದಿನಾನ ಇವರನ್ನ ಎತ್ತಿ ತಂದಿದ್ದೆ. ಮೂರು ತಾಸು ಸಾಲಿನ್ಯಾಗ ಪಾಳಿ ಹಚ್ಚಿದ್ವಿ. ನೀವು ಕಣ್ಣು ತೆರೀಲೇ ಇಲ್ಲ."

"ನಾ ಏ...ಏನಂತ ಪ್ರಾರ್ಥನಾ ಮಾಡಿದೆ?"

ಯೇಸಪ್ಪ ಸಂಕೋಚದಿಂದ ನಕ್ಕ. "ಅಮೆರಿಕಾದ ವೀಸಾ ಕೇಳಿದ್ರಿ. ಅಲ್ಲಿ ಗಾರೆ ಕೆಲಸ ಸಿಗತೈತೇನ್ರಿ, ಅಯ್ಯನೋರ?"

ಮೂರು ವಾರ ಊರಿನವರ ಮೇಲೆಲ್ಲ ಹಾರಾಡಿದ್ದ ನನ್ನ ಸಿಟ್ಟಿಗೆ ಅಂದು ಸರಿಯಾದ ವಿಳಾಸ ಸಿಕ್ಕಿತು.

"ಈ ಸಲ ಕಣ್ಣು ತೆರಕೊಂಡು ಮಾಡ್ರಿ," ಎಂದಳು ದೇವಮ್ಮ.

ಮಂಡಿಯೂರಿದೆ. ಕಣ್ಣು ಅಗಲಿಸಿ, ಯೇಸಪ್ಪನ ತಲೆಯ ಮೇಲೆ ಕೈಯಿಟ್ಟೆ.

"ಕರ್ತನೇ, ನಿನ್ನ ಈ ಮಗನಿಗೆ ವೀ..."

ದೇವಮ್ಮ ಕೆಮ್ಮಿದಳು.