ಮಂಚದ ಕೆಳಗಿನ ಆರ್ಸೆನೈಡ್

“ಬಸವಕಿರಣ ಮನೇಲಿ ವಿಷ ಇಟ್ಕೊಂಡಿದಾನಂತೆ ಕಣೇ. ಇಲಿಗೆ ಇಡೋದಲ್ಲ, ಇಡೀ ಏರಿಯಾಗೆ ಸಾಕಾಗೋವಷ್ಟು.”

ದೀಪಾಂಜಲಿ ನಗರದ ವಠಾರದ ಒಡತಿ ಅಣ್ಣಮ್ಮ ಬೆಳಿಗ್ಗೆ ಹಾಲಿನ ಜೊತೆಗೇ ಈ ಸುದ್ದಿಯನ್ನೂ ಮನೆಮನೆಗೆ ಮುಟ್ಟಿಸಿದರು. ತಪ್ಪು ಅವರದಲ್ಲ. ನಾಯಂಡಹಳ್ಳಿಯ ಕೆಮಿಕಲ್ ಸಪ್ಲೈ ಕಂಪನಿಯೊಂದರಲ್ಲಿ ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವ ಬಸವಕಿರಣ್, ಹಿಂದಿನ ಸಂಜೆ ಜಂಬಕ್ಕೆ ಅವರಿಗೆ ಲಿಥಿಯಂ ಆರ್ಸೆನೈಡ್ ಬಗ್ಗೆ ಪಾಠ ಮಾಡಿದ್ದ. ಕಂದು ಬಣ್ಣದ ಪುಡಿ, ಅಪ್ಪಟ ಶುದ್ಧ, ದೊಡ್ಡ ಲ್ಯಾಬುಗಳಿಗೆ ಮಾತ್ರ ಹೋಗುತ್ತದೆ. ಆರ್ಗಾನ್ ಗ್ಯಾಸ್ ತುಂಬಿದ ಗಾಜಿನ ಕೊಳವೆಯಲ್ಲೇ ಇರಬೇಕು. ನೀರು ತಾಗಿದರೆ ಬೆಳ್ಳುಳ್ಳಿ ವಾಸನೆಯ ಗ್ಯಾಸ್ ಏಳುತ್ತದೆ, ಮೂಸಿದವರ ಕತೆ ಮುಗಿಯಿತು. ಆ ಪುಡಿಯನ್ನು ತಾನೇ ಇನ್ನೂ ನೋಡಿಲ್ಲ ಎನ್ನುವುದೊಂದನ್ನು ಹೇಳಲು ಮರೆತಿದ್ದ.

ಇವತ್ತೇ ಅವನಿಗೆ ನೋಡಿದ್ದ ಹುಡುಗಿ ಚೇತನಾಳ ಅಪ್ಪ ಹುಡುಗನ ಬಗ್ಗೆ ಅಕ್ಕಪಕ್ಕ ವಿಚಾರಿಸಲು ಬರುವವರಿದ್ದರು. ಒಪ್ಪಿಗೆಯಾದರೆ ನಾಳೆ ಹೆಣ್ಣು ನೋಡುವ ಶಾಸ್ತ್ರ. ಹುಡುಗ ಬರೀ ಫೋನ್ ಎತ್ತುವವನು ಎಂದು ಈಗಾಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು.

ಬಸವಕಿರಣ್ ಸ್ನಾನ ಮುಗಿಸಿ ತಲೆ ಬಾಚುತ್ತಿದ್ದಾಗ ವಠಾರದ ತುಂಬ ಘಮ್ಮೆಂದು ಬೆಳ್ಳುಳ್ಳಿ ವಾಸನೆ. ಸ್ನಾನದ ನೀರು ಪುಡಿಗೆ ತಾಗಿದೆ ಎಂದು ಅಣ್ಣಮ್ಮ ತೀರ್ಮಾನಿಸಿಬಿಟ್ಟರು. ಗೂಡಿಗೆ ನೀರು ಹೊಯ್ದಾಗ ಎದ್ದ ಇರುವೆಗಳಂತೆ ಜನ ರಸ್ತೆಗೆ ಬಂದರು. ಒಬ್ಬರ ಕೈಯಲ್ಲಿ ಕೂಗುತ್ತಿದ್ದ ಕುಕ್ಕರ್, ಇನ್ನೊಬ್ಬರ ಕಂಕುಳಲ್ಲಿ ಟೀವಿ. ಮನೆಯಲ್ಲಿ ಏನೂ ಇಲ್ಲವೆಂದು ಅವನು ಆಣೆ ಇಟ್ಟರೂ ಯಾರೂ ನಂಬಲಿಲ್ಲ.

ವಾಸನೆ ಹಿಡಿದು ಮಹಡಿಗೆ ಓಡಿದ. ಅಲ್ಲಿ ಬಾಡಿಗೆಗಿದ್ದ ಪಾರವ್ವ ಒರಳಲ್ಲಿ ಬೆಳ್ಳುಳ್ಳಿ ಚಟ್ನಿ ಕುಟ್ಟುತ್ತಿದ್ದಳು. ವಿಷಯ ತಿಳಿದು ಅವಳಿಗೆ ಬೇಜಾರೇ ಆಯಿತು.

“ಎಲ್ಲಾರೂ ಓಡಿ ಹೋಗ್ಯಾರ, ನನ್ನ ಒಂದ್ ಮಾತ್ ಕರೀಬಾರ್ದೇನ್ರೀ?”

ಚಟ್ನಿಯ ಬಟ್ಟಲನ್ನು ಎಲ್ಲರ ಮೂಗಿಗೂ ಹಿಡಿದು ತೋರಿಸಿದ ಮೇಲೆ ಜನ ಗೊಣಗುತ್ತ ಒಳಗೆ ಹೋದರು. ಹೆಲ್ಮೆಟ್ ಹಿಡಿದ ಹಿರಿಯರೊಬ್ಬರು ಮಾತ್ರ ನಿಂತೇ ಇದ್ದರು. ಹುಡುಗಿಯ ಅಪ್ಪ ರಾಜೇಂದ್ರ ಇವರೇ ಎಂದು ಬಸವಕಿರಣನಿಗೆ ಗೊತ್ತಾಯಿತು. ಏನು ಕೆಲಸ ಎಂದು ಅವರು ಕೇಳಿದಾಗ, ತಪ್ಪಿಹೋದ ಎರಡೂ ಸಂಬಂಧ ಕಣ್ಣ ಮುಂದೆ ಬಂದವು.

“ಆ ಪೌಡರ್ ಪೂರ್ತಿ ನನ್ನ ಕೈಯಲ್ಲೇ ಸಾರ್. ಓನರ್ರೂ ಮುಟ್ಟಲ್ಲ. ಗೋಡೌನ್ ನಂಬೋಕಾಗಲ್ಲ ಅಂತ ಸ್ಟಾಕ್ ನನ್ನ ಮಂಚದ ಕೆಳಗೇ ಇಟ್ಟಿದೀನಿ. ಇವರಿಗೆಲ್ಲ ಭಯ ಆಗುತ್ತೆ ಅಂತ ಹೇಳಲ್ಲ ಅಷ್ಟೆ.”

ರಾಜೇಂದ್ರ ತಲೆದೂಗಿದರು. ಧೈರ್ಯವಂತ ಹುಡುಗ ಎಂದರು. ಆಮೇಲೆ ತಮ್ಮ ಕೆಲಸ ಹೇಳಿದರು: ವಿಷದ ಸರಕು ಇಡಲು ಲೈಸೆನ್ಸ್ ಕೊಡುವ ಸರ್ಕಾರಿ ಆಫೀಸಿನಲ್ಲಿ ಇನ್‌ಸ್ಪೆಕ್ಟರ್.

ಬಸವಕಿರಣ್ ಕೈಲಿದ್ದ ಬಟ್ಟಲನ್ನು ಕೆಳಗಿಟ್ಟ. ಹೇಳಿದ್ದೆಲ್ಲ ಸುಳ್ಳು, ತಾನು ಬರೀ ಫೋನ್ ಎತ್ತುವವನು, ಬೇಕಾದರೆ ಮಂಚ ಎತ್ತಿ ನೋಡಿ ಎಂದು ಕೈಮುಗಿದ.

ರಾಜೇಂದ್ರ ಹೆಲ್ಮೆಟ್ ಹಾಕಿಕೊಂಡರು.

“ಮಂಚದ ಕೆಳಗೆ ಇದ್ರೆ ಕೇಸ್ ಹಾಕ್ಬೇಕು. ಇಲ್ದಿದ್ರೆ ಸುಳ್ಳುಗಾರನಿಗೆ ಮಗಳನ್ನ ಕೊಡಲ್ಲ. ಯಾವ್ದು ಅಂತ ರಾತ್ರಿ ಯೋಚ್ನೆ ಮಾಡಪ್ಪ. ನಾಳೆ ಮನೆಗೆ ಬರ್ಬೇಡ, ಹತ್ತು ಗಂಟೆಗೆ ಆಫೀಸಿಗೇ ಬಂದ್ಬಿಡು.”