ಕಾರಿನ ತಲೆಯ ಮೇಲಿನ ಸೈಕಲ್ಲು

ಸುಮ್ಮನೆ ಕೂರುವುದು ಒಂದು ವಿದ್ಯೆ. ಕೆಲವರಿಗೆ ಅದು ಹುಟ್ಟುತ್ತಲೇ ಬಂದಿರುತ್ತದೆ, ನನಗೆ ಮಾತ್ರ ಬರಲೇ ಇಲ್ಲ. ಊಟದ ಪಂಕ್ತಿಯಲ್ಲಿ ಕೂತರೆ ಬಡಿಸುವವರು ಬರುವಷ್ಟರಲ್ಲಿ ಎಲೆಯ ಅಂಚನ್ನು ಹರಿದಿರುತ್ತೇನೆ. ಕ್ಷೌರಕ್ಕೆ ಕೂತರೆ ಕತ್ತು ತಿರುಗಿಸಿ ಬೈಸಿಕೊಳ್ಳುತ್ತೇನೆ. ಪರೀಕ್ಷಾ ಕೊಠಡಿಗೆ ಮೇಲ್ವಿಚಾರಣೆಗೆ ಹಾಕಿದರೆ ನನ್ನ ಚಪ್ಪಲಿ ಸದ್ದಿಗೆ ಮಕ್ಕಳು ಓದಿದ್ದನ್ನೂ ಮರೆಯುತ್ತಾರೆಂದು ನಮ್ಮ ಹೆಡ್‌ಮಾಸ್ಟರ ದೂರು. ಇನ್ನು ಮನೆಯಲ್ಲಿ ಎಲ್ಲಾದರೂ ಸಣ್ಣ ಸದ್ದು ಕೇಳಿಸಿತೋ, ಮುಗಿಯಿತು. ನಲ್ಲಿ ತೊಟ್ಟಿಕ್ಕಿದರೆ ಸ್ಪ್ಯಾನರು ಹುಡುಕುತ್ತೇನೆ, ಬಾಗಿಲು ಕಿರ್ ಎಂದರೆ ಹರಳೆಣ್ಣೆ. ಒಮ್ಮೆ ಫ್ಯಾನಿನ ಟಿಕ್ ಟಿಕ್ ನಿಲ್ಲಿಸಲು ಹೋಗಿ ಫ್ಯಾನನ್ನೇ ನಿಲ್ಲಿಸಿಬಿಟ್ಟೆ. ಆ ಬೇಸಿಗೆಯನ್ನು ನನ್ನಾಕೆ ಇಂದಿಗೂ ಮರೆತಿಲ್ಲ. "ಇವರಿಗೆ ಕೆಲಸ ಇಲ್ಲದಿದ್ದಾಗಲೇ ನನಗೆ ಕೆಲಸ ಜಾಸ್ತಿ" ಎಂದು ಬಂದವರೆದುರು ಹೇಳುತ್ತಾಳೆ.

ಇಂಥ ನನ್ನ ಕೈಗೆ ತೊಂಬತ್ತರ ದಶಕದಲ್ಲಿ ಒಂದು ಹಳೆಯ ಕಾರು ಸಿಕ್ಕಿತು. ಗುಂಡ್ಲುಪೇಟೆಯಿಂದ ವರ್ಗವಾಗಿ ಹೊರಟ ಡಾಕ್ಟರೊಬ್ಬರು ಕೊಟ್ಟು ಹೋದದ್ದು. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಮನೆಯ ಬಾಗಿಲಲ್ಲಿ ನಿಂತರೆ ಶಾಲೆಯ ಗಂಟೆ ಕೇಳುತ್ತದೆ. ಕಾರಿಗೆ ಕೆಲಸವೇ ಇರಲಿಲ್ಲ. ಮಗಳು ಸುಮ ಚಾಮರಾಜನಗರದಲ್ಲಿ ನನ್ನ ತಂಗಿಯ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದಳು. ಶನಿವಾರ ಬಸ್ಸಿನಲ್ಲಿ ಬಂದು ಭಾನುವಾರ ಸಂಜೆ ಹಿಂದಿರುಗುತ್ತಿದ್ದಳು. ಇನ್ನು ಬಸ್ಸು ಬೇಡ, ನಾನೇ ಕರೆತಂದು ಬಿಟ್ಟುಬರುತ್ತೇನೆ ಎಂದೆ. ಕಾಲೇಜಿಗೆ ಹೋಗಿಬರಲು ಅವಳಿಗೊಂದು ಹೊಸ ಸೈಕಲ್ಲು ಕೊಡಿಸಿದ್ದೆ. ಕರೀ ಬಣ್ಣದ, ಬಾರಿರುವ, ಗಂಡಸರ ಸೈಕಲ್ಲು. ಚಿಕ್ಕವಳಿದ್ದಾಗ ನನ್ನ ಹಳೇ ಸೈಕಲ್ಲಿನ ಬಾರಿನ ಸಂದಿಯಲ್ಲಿ ಕಾಲು ತೂರಿಸಿ ಕಲಿತವಳು, ಲೇಡೀಸ್ ಸೈಕಲ್ಲು ಸೈಕಲ್ಲೇ ಅಲ್ಲ ಎಂದು ಹಟ ಹಿಡಿದಳು. ಒಂದು ಶನಿವಾರ, "ಇಲ್ಲೂ ಸೈಕಲ್ ಇದ್ದಿದ್ರೆ ಲೈಬ್ರರಿಗೆ ಹೋಗಿಬರಬಹುದಿತ್ತಪ್ಪ" ಎಂದಳು. ಅಷ್ಟೇ ಸಾಕಾಯಿತು. ನನ್ನ ಹಳೇ ಸೈಕಲ್ಲು ಟಯರಿಲ್ಲದೆ ಹಿತ್ತಲ ಗೋಡೆಗೆ ಒರಗಿತ್ತು. ಅದನ್ನು ರಿಪೇರಿ ಮಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಆದರೆ ಕಾರಿಗೆ ಕೆಲಸ ಸಿಗುತ್ತಿರಲಿಲ್ಲವಲ್ಲ.

ವಾರಾವಾರ ಸೈಕಲ್ಲನ್ನು ಕಾರಿನ ಮೇಲೆ ಹೊತ್ತು ತರುವುದೆಂದು ತೀರ್ಮಾನಿಸಿ ವೆಲ್ಡಿಂಗ್ ಅಂಗಡಿಗೆ ಹೋದೆ. ಅವನಿಗೆ ಬರುತ್ತಿದ್ದದ್ದು ಕಿಟಕಿಯ ಗ್ರಿಲ್ಲು ಮಾತ್ರ. ನಾನು ಎಷ್ಟು ಚಿತ್ರ ಬರೆದು ತೋರಿಸಿದರೂ ಕೊನೆಗೆ ಅವನು ಮಾಡಿದ್ದು ಕಾರಿಗೊಂದು ಕಿಟಕಿಯನ್ನೇ. ಛಾವಣಿಗೆ ಅಡ್ಡಲಾಗಿ ಎರಡು ಪೈಪು, ನಡುವೆ ಗ್ರಿಲ್ಲಿನ ಬಳ್ಳಿ, ಮಳೆನೀರು ಹರಿಯುವ ಅಂಚಿಗೆ ಕಚ್ಚಿಕೊಳ್ಳುವ ಕ್ಲಾಂಪು. ಸೈಕಲ್ಲನ್ನು ನಿಲ್ಲಿಸಿ ಕಟ್ಟಿ ಹೊರಟೆ. ಊರು ದಾಟಿ ವೇಗ ಹಿಡಿಯುತ್ತಲೇ ತಲೆಯ ಮೇಲೆ ಸಣ್ಣಗೆ ಸುಯ್ ಎಂದಿತು. ಇನ್ನಷ್ಟು ವೇಗಕ್ಕೆ ಅದು ಪೂರಾ ಶಿಳ್ಳೆಯಾಯಿತು. ಪಕ್ಕದಲ್ಲಿದ್ದ ನನ್ನಾಕೆ, "ಎಷ್ಟು ವಿಸಿಲ್‌ಗೆ ಇಳಿಸ್ತೀರಿ?" ಎಂದು ಕೇಳಿದಳು.

ಪೈಪಿನ ತೂತಿಗೆ ಗಾಳಿ ನುಗ್ಗಿದರೆ ಸದ್ದು, ಇದು ಒಂಬತ್ತನೇ ಕ್ಲಾಸಿನ ಪಾಠ. ತೂತುಗಳಿಗೆ ಬಟ್ಟೆ ತುರುಕಿದೆ, ಶಿಳ್ಳೆ ಹೋಗಿ ನರಳಾಟ ಬಂತು. ಬೂಚು ಜಡಿದೆ, ನರಳಾಟದ ಜೊತೆಗೆ ಶಿಳ್ಳೆಯೂ ವಾಪಸು ಬಂತು. ಪೈಪಿಗೆ ಹಳೇ ಟ್ಯೂಬು ತೊಡಿಸಿದೆ, ಸೈಕಲ್ಲಿನ ಮೂತಿಯನ್ನು ಹಿಂದಕ್ಕೆ ತಿರುಗಿಸಿದೆ, ಮುಂದಿನ ಚಕ್ರ ಬಿಚ್ಚಿ ಡಿಕ್ಕಿಗೆ ಹಾಕಿದೆ. ರಾತ್ರಿ ಹಾಸಿಗೆಯಲ್ಲೂ ಕಿವಿಯಲ್ಲಿ ಅದೇ. ಎದ್ದು ಹೋಗಿ ಪೈಪಿಗೆ ಬಾಯಿಟ್ಟು ಊದಿ ನೋಡುತ್ತಿದ್ದೆ. ಎದುರು ಮನೆಯವರು ಏನೆಂದುಕೊಂಡರೋ, ಬೆಳಗ್ಗೆ ನನ್ನಾಕೆಯನ್ನು ಬಹಳ ಮೆತ್ತಗೆ ಮಾತಾಡಿಸಿದರು.

ಗುಂಡ್ಲುಪೇಟೆ ಚಾಮರಾಜನಗರಗಳ ನಡುವೆ ತೆರಕಣಾಂಬಿ ಇದೆ. ಅಲ್ಲಿ ಮಾದೇವಣ್ಣನ ಟೀ ಅಂಗಡಿ. ನನ್ನ ಕಾರು ಇನ್ನೂ ಕೆರೆಯ ಹತ್ತಿರ ಇರುವಾಗಲೇ ಅಂಗಡಿಯ ಬೆಂಚಿನವರೆಲ್ಲ ಎದ್ದು ನಿಂತು ನೋಡುತ್ತಿದ್ದರು. ಒಂದು ಶನಿವಾರ ಟೀಗೆ ನಿಲ್ಲಿಸಿದಾಗ ಮಾದೇವಣ್ಣ ಗ್ಲಾಸು ಕೊಟ್ಟು, ದನಿ ತಗ್ಗಿಸಿ ಕೇಳಿದ: "ಈ ವಾರನೂ ಒಪ್ನಿಲ್ವಾ ಮೇಷ್ಟ್ರೆ?"

"ಯಾರು? ಏನನ್ನ?"

"ಗಂಡಿನ್ ಕಡೆಯವ್ರು. ಬುಡಿ, ನಮ್ತಾವ ಯಾಕ್ ಮುಚ್ಚಿಡ್ತೀರಿ. ಭಾನುವಾರ ಸೈಕಲ್ ತಕ್ಕಂಡೋಯ್ತೀರಿ, ಶನಿವಾರ ವಾಪಸ್ ತತ್ತೀರಿ. ಸ್ಕೂಟ್ರು ಬೇಕು ಅಂತವ್ರಾ?"

ನಮ್ಮ ಕಡೆ ಮದುವೆಯಲ್ಲಿ ಗಂಡಿಗೆ ವಾಚು, ಉಂಗುರ, ಸೈಕಲ್ಲು ಕೊಡುವುದು ಹಿಂದಿನಿಂದ ಇದ್ದದ್ದೇ. ಹೊಸ ಕರೀ ಸೈಕಲ್ಲನ್ನು ಕಾರಿನ ಮೇಲೆ ಕೂರಿಸಿಕೊಂಡು, ಶಿಳ್ಳೆ ಹಾಕಿಕೊಂಡು, ಹೆಂಡತಿ ಮಗಳ ಸಮೇತ ಹೋದರೆ ಯಾರಾದರೂ ಇನ್ನೇನು ತಿಳಿದಾರು? ಸೈಕಲ್ಲು ಮಗಳದ್ದು ಎಂದೆ. ಬೆಂಚಿನಲ್ಲಿದ್ದ ಹಿರಿಯರೊಬ್ಬರು, "ಪಾಪ, ಮರ್ವಾದಸ್ತ್ರು ಕಣ್ಲಾ, ಬುಟ್ಕೊಡಲ್ಲ" ಎಂದು ನಿಟ್ಟುಸಿರಿಟ್ಟರು.

ನಗಬಹುದಿತ್ತು. ಆದರೆ ಮರುದಿನ ಬೆಳಗ್ಗೆಯೇ ಹಂಗಳದಿಂದ ನನ್ನಾಕೆಯ ಅಣ್ಣ ಶಿವಮಲ್ಲಪ್ಪ ಮೊದಲ ಬಸ್ಸಿಗೆ ಬಂದಿಳಿದರು. ಕೈಕಾಲು ತೊಳೆಯಲು ನೀರು ಕೊಟ್ಟರೆ ಮುಟ್ಟಲಿಲ್ಲ. ಸುಮಳನ್ನು ಸೊಸೆ ಮಾಡಿಕೊಳ್ಳಬೇಕೆಂಬುದು ಅವರ ಬಹಳ ದಿನದ ಆಸೆ. ಸುಮಳಿಗೆ ಓದು ಬಿಟ್ಟು ಬೇರೆ ಯೋಚನೆಯಿಲ್ಲ. ಹಾಗಾಗಿ "ಡಿಗ್ರಿ ಮುಗೀಲಿ ಭಾವ" ಎಂದು ನಾನು ಮುಂದೂಡುತ್ತ ಬಂದಿದ್ದೆ. ಈಗ ಸೈಕಲ್ಲಿನ ಸುದ್ದಿ ಅವರಿಗೂ ಮುಟ್ಟಿತ್ತು. ಸಾಲದ್ದಕ್ಕೆ, ಸೈಕಲ್ಲು ಹೋಗಿ ನಿಲ್ಲುತ್ತಿದ್ದ ನನ್ನ ತಂಗಿಯ ಮನೆಯಲ್ಲಿ ಮದುವೆ ವಯಸ್ಸಿನ ಮಗನೊಬ್ಬನಿದ್ದ.

"ನಂಗ ಓದು ಓದು ಅಂದ್ಬುಟ್ಟು, ಅಲ್ಲಿ ತಂಗಿ ಮಗನ್ಗ ಸೈಕಲ್ ಕಳಿಸ್ಬುಟ್ರಾ ಮೇಷ್ಟ್ರೆ? ಸೋದರಮಾವ ಅನ್ನೋನು ಸತ್ತೋದ್ನಾ?"

ಸುಮ ಸೈಕಲ್ಲು ಇಳಿಸಿ, ಅವರೆದುರಿಗೇ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದಳು. "ನೋಡಿ ಮಾವ, ಇದು ನಂದೇ" ಎಂದಳು. ಭಾವ ಕದಲಲಿಲ್ಲ. "ಕೊಡಕ್ ಮುಂಚೆ ಓಡ್ಸಿ ನೋಡ್ದೆ ಇರಕಾದದಾ ಕಣಮ್ಮಿ?" ಎಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನಾಕೆ ಅಣ್ಣನ ಮುಖ ನೋಡಲಾರದೆ, ಮಗಳ ಮುಖ ನೋಡಲಾರದೆ ಸೆರಗು ಹಿಂಡುತ್ತಿದ್ದಳು. ನನಗೆ ನಿಜಕ್ಕೂ ಭಯವಾಯಿತು. ಭಾವ ಹೊರಡುವಾಗ ಹೇಳಿದ್ದು ಇಷ್ಟು: "ಸೈಕಲ್ ವಾಪಸ್ ಬತ್ತಾ ಇರಗಂಟ ನಾನು ಸುಮ್ಕಿರ್ತೀನಿ. ಒಂದ್ ವಾರ ಅಲ್ಲೇ ನಿಂತ್ಕಂಡ್ರೆ, ಮಾತುಕತೆ ಮುಗೀತು ಅಂತ ತಿಳ್ಕತೀನಿ. ಆಮೇಲ್ ಓದು ಗೀದು ಅಂತ ನಂಗ ಏಳ್ಬ್ಯಾಡಿ. ಕಾಲೇಜ್ ಬುಡ್ಸಿ ಕರ್ಕಂಡೋಗಿ ನಮ್ಮನೇಲೇ ತಾಳಿ ಕಟ್ಟುಸ್ತೀನಿ."

ಸದ್ದು ನಿಂತರೆ ತೆರಕಣಾಂಬಿಯವರು ತಲೆಯೆತ್ತುವುದಿಲ್ಲ, ಎತ್ತದಿದ್ದರೆ ಮಾತು ಹುಟ್ಟುವುದಿಲ್ಲ ಎಂದು ನನ್ನ ಲೆಕ್ಕ. ಆ ವಾರವೆಲ್ಲ ಕಾರಿನ ಮೇಲೇ ಸಂಸಾರ ಮಾಡಿದೆ. ಕೊನೆಗೆ ಯಶಸ್ಸು ಬಂದದ್ದು ವಿಜ್ಞಾನದಿಂದಲ್ಲ. ಅಲುಗದಂತೆ ಪೈಪುಗಳನ್ನು ಬಿಗಿದು ಕಟ್ಟಿದ ಮೇಲೆ ಹಗ್ಗ ಉದ್ದ ಉಳಿದಿತ್ತು, ನನ್ನ ಕೈ ಸುಮ್ಮನಿರಲಿಲ್ಲ. ಉಳಿದದ್ದನ್ನೆಲ್ಲ ಪೈಪಿನ ಈ ತುದಿಯಿಂದ ಆ ತುದಿಗೆ ಬಿಡಿಬಿಡಿಯಾಗಿ ಸುತ್ತಿಬಿಟ್ಟೆ. ಊರಾಚೆ ಓಡಿಸಿ ನೋಡಿದರೆ ಶಿಳ್ಳೆ ಇಲ್ಲ. ನನಗೇ ನಂಬಿಕೆ ಬರದೆ ಕಾರು ನಿಲ್ಲಿಸಿ ಕಿವಿ ತಿಕ್ಕಿಕೊಂಡೆ.

ಶನಿವಾರ ಚಾಮರಾಜನಗರದಿಂದ ಹೊರಡುವಾಗ ಸುಮ ಸೈಕಲ್ಲನ್ನು ಮೇಲಕ್ಕೆ ಹಾಕಲು ಬಿಡಲಿಲ್ಲ. "ಬೇಡಪ್ಪ. ಹತ್ತಿಸಿ ಇಳಿಸಿ ಹ್ಯಾಂಡಲ್ಲು ಸೊಟ್ಟಗಾಗಿದೆ. ಸೋಮವಾರ ಲ್ಯಾಬಿಗೆ ಹೋಗೋಷ್ಟರಲ್ಲಿ ಚೈನು ಕಳಚುತ್ತೆ. ಇಲ್ಲೇ ಇರಲಿ ಅಂತ ಎರಡನೇ ವಾರವೇ ಕಾರಲ್ಲಿ ಹೇಳಿದ್ದೆನಲ್ಲ."

"ನನಗೆ ಹೇಳಿದ್ಯಾ?"

"ಹೇಳಿದ್ದೆ. ನೀವು ಮೇಲೆ ನೋಡ್ತಾ ಹೂಂ ಹೂಂ ಅಂದ್ರಿ."

ಭಾವನ ಎಚ್ಚರಿಕೆ ನೆನಪಿಸಿದರೂ ಒಪ್ಪಲಿಲ್ಲ, ಅವಳು ಹಟ ಹಿಡಿದರೆ ಹಿಡಿದದ್ದೇ. ಸೈಕಲ್ಲಿಲ್ಲದೆ, ಸದ್ದಿಲ್ಲದೆ ಹೊರಟೆವು. ಯಾರೂ ನೋಡಲಾರರು ಎಂದು ಧೈರ್ಯ ತಂದುಕೊಂಡೆ. ತೆರಕಣಾಂಬಿಯಲ್ಲಿ ಮಾದೇವಣ್ಣ ರಸ್ತೆಯ ಮಧ್ಯಕ್ಕೇ ಬಂದು ಕೈ ಅಡ್ಡ ಹಾಕಿದ. ಅವನ ಮುಖ ಅರಳಿತ್ತು. "ಸದ್ದಿಲ್ದೆ ಬತ್ತಾ ಇದ್ದೀರಲ್ಲ ಅಂತ ನೋಡ್ದೆ. ಸೈಕಲ್ ನಿಂತ್ಕತು. ಒಪ್ಕಂಡ್ಬುಟ್ರು. ಲಗ್ನ ಯಾವಾಗ ಮೇಷ್ಟ್ರೆ?"

ಸೋಮವಾರದೊಳಗೆ ಇದು ಹಂಗಳ ಮುಟ್ಟುತ್ತದೆ, ಮಂಗಳವಾರ ಭಾವ ಬರುತ್ತಾರೆ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಸುಮ ತಲೆ ಹೊರಹಾಕಿದಳು. "ಎಲ್ಲಿ ಒಪ್ಪಿದ್ರು ಮಾದೇವಣ್ಣ? ಹ್ಯಾಂಡಲ್ ಸೊಟ್ಟ ಅಂದ್ರು. ರಿಪೇರಿಗೆ ಬಿಟ್ಟಿದೀವಿ, ಮುಂದಿನ ವಾರ ನೋಡಿ, ವಾಪಸ್ ಬರುತ್ತೆ." ಮಾದೇವಣ್ಣ ನೊಂದುಕೊಂಡು, ಗಂಡಿನ ಕಡೆಯವರನ್ನು ಬೈದು, ನಮಗೆ ಟೀ ಕುಡಿಸಿ ಕಳಿಸಿದ.

"ವಾಪಸ್ ಎಲ್ಲಿಂದ ತರೋದೇ?" ಎಂದೆ ದಾರಿಯಲ್ಲಿ.

"ಮಾವನಿಗೆ ಬೇಕಾಗಿರೋದು ವಾಪಸ್ ಬರೋ ಒಂದು ಸೈಕಲ್ಲು. ನನ್ನದೇ ಆಗಬೇಕು ಅಂದ್ರಾ? ಹಿತ್ತಲಲ್ಲಿ ನಿಮ್ಮದಿಲ್ವಾ?"

ಸದ್ದಿಲ್ಲದ ಕಾರಿನಲ್ಲಿ ಆ ಮಾತು ಬಹಳ ಸ್ಪಷ್ಟವಾಗಿ ಕೇಳಿಸಿತು. ಹಳೇ ಸೈಕಲ್ಲಿಗೆ ಟಯರು ಹಾಕಿಸಿದೆ, ಕರೀ ಬಣ್ಣ ಬಳಿದೆ. ಮೊದಲ ಸಲ ಮಾತ್ರ ಮಾದೇವಣ್ಣನ ಅಂಗಡಿ ಮುಚ್ಚಿದ ಮೇಲೆ, ಶಿಳ್ಳೆ ಏಳದಷ್ಟು ನಿಧಾನವಾಗಿ ಅದನ್ನು ಕತ್ತಲಲ್ಲಿ ತೆರಕಣಾಂಬಿ ದಾಟಿಸಿದೆ. ಮಗಳ ಡಿಗ್ರಿ ಮುಗಿಯುವವರೆಗೆ ಅದು ಭಾನುವಾರ ಗುಂಡ್ಲುಪೇಟೆ ಬಿಟ್ಟು ಶನಿವಾರ ವಾಪಸು ಬರುತ್ತಿತ್ತು. ಒಂದು ದಿನವೂ ಅದನ್ನು ಯಾರೂ ತುಳಿಯಲಿಲ್ಲ. ಭಾವ ಮಾತಿನಂತೆ ಸುಮ್ಮನಿದ್ದರು. ಅಷ್ಟು ವಾರ ಒಪ್ಪದವರು ಎಂಥ ದುರಾಸೆಯ ಜನ ಎಂದು ಇಡೀ ತೆರಕಣಾಂಬಿ ನನ್ನ ಪರವಾಗಿ ಶಾಪ ಹಾಕಿತು.

ಪೈಪಿಗೆ ಸುತ್ತಿದ್ದ ಹಗ್ಗವನ್ನು ಆ ಶನಿವಾರವೇ ನನ್ನ ಕೈಯಾರೆ ಬಿಚ್ಚಿ ಎಸೆದಿದ್ದೆ. ಸೈಕಲ್ಲು ವಾಪಸು ಬರುತ್ತಿರುವುದು ಊರಿಗೆ ಕೇಳಿಸಬೇಕಲ್ಲ. ಕೆರೆಯ ಹತ್ತಿರ ಶಿಳ್ಳೆ ಸ್ವಲ್ಪ ಇಳಿಯಿತು ಎನಿಸಿದರೆ ಆಕ್ಸಿಲರೇಟರನ್ನು ಇನ್ನೊಂದಿಷ್ಟು ಒತ್ತುತ್ತಿದ್ದೆ.