ಆರಕ್ಕೆ ನಿಲ್ಲುವ ಕೈ

ಶುರು ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಶಹಾಪುರದಲ್ಲಿ ಯಾರೂ ಇಲ್ಲ. ಮುಗಿಸುವ ಮಾತು ಬಂದರೆ ಮಾತ್ರ ದಯವಿಟ್ಟು ವಿಷಯ ಬದಲಿಸಬೇಕು. ಮಗಳು ಹೊಟ್ಟೆಯಲ್ಲಿದ್ದಾಗ ಅವಳಿಗೆಂದು ಒಂದು ಸ್ವೆಟರ್ ಹೆಣೆಯಲು ಕೂತೆ. ನಮ್ಮ ಬಿಸಿಲಿನ ಊರಿನಲ್ಲಿ ಸ್ವೆಟರ್ ಯಾಕೆ ಎಂದು ಕೇಳಬೇಡಿ, ಚೊಚ್ಚಲ ಬಸುರಿಗೆ ಯಾರೂ ಎದುರು ಮಾತಾಡುವುದಿಲ್ಲ. ಒಂದು ತೋಳು ಮುಗಿಯುವ ಹೊತ್ತಿಗೆ ಬೇಸರ ಬಂತು. ಈಗ ಮಗಳು ಏಳನೇ ಕ್ಲಾಸು. ಆ ತೋಳು ಹಿಡಿದು ನಾವು ಬಿಸಿ ಕುಕ್ಕರ್ ಇಳಿಸುತ್ತೇವೆ. ಹಾರ್ಮೋನಿಯಂ ಕಲಿಯಲು ಹೋಗಿ ಪಂಚಮದಿಂದ ಮೇಲೆ ಏರಲಿಲ್ಲ. ಹಿಂದಿ ಪರೀಕ್ಷೆಗೆ ಕಟ್ಟಿದೆ, ಪರೀಕ್ಷೆಯ ದಿನ ತಂಗಿಯ ಮನೆಗೆ ಹೋಳಿಗೆ ಊಟಕ್ಕೆ ಹೋದೆ. ನನ್ನ ಅತ್ತೆಯವರು ಸಗರದವರು, ಬಿತ್ತಿದ್ದನ್ನು ರಾಶಿ ಮಾಡಿ ಮನೆಗೆ ತರುವ ತನಕ ಕೂರದ ಒಕ್ಕಲುತನದ ಮನೆಯವರು. ಅಂಥವರಿಗೆ ಇಂಥ ಸೊಸೆ ಸಿಕ್ಕಳು. ಕುಕ್ಕರ್ ಇಳಿಸುವಾಗ ಒಮ್ಮೆ ಆ ತೋಳನ್ನು, ಒಮ್ಮೆ ನನ್ನನ್ನು ನೋಡುತ್ತಾರೆ, ಅಷ್ಟೇ.

ಇಂಥ ಮನೆಯಲ್ಲಿ ಮಗಳು ಪಲ್ಲವಿ ಕರಾಟೆ ಕಲಿಯುತ್ತೇನೆ ಎಂದಳು. ಟ್ಯೂಷನ್ನಿಗೆ ಹೋಗುವ ದಾರಿಯಲ್ಲಿ ನಾಲ್ಕಾರು ಹುಡುಗರು ಸೈಕಲ್ ಅಡ್ಡ ನಿಲ್ಲಿಸಿ ಕಾಡುತ್ತಿದ್ದರಂತೆ. ಹುಡುಗಿ ನಮಗೆ ಹೇಳದೆ ತಿಂಗಳುಗಟ್ಟಲೆ ಊರೆಲ್ಲ ಸುತ್ತಿ ಬೇರೆ ದಾರಿ ಹಿಡಿದಿದ್ದಳು. ಕೇಳಿದವಳೇ ನಾಳೆಯೇ ಸೇರಿಸುತ್ತೇನೆ ಎಂದೆ. ಅತ್ತೆಯವರು ಮಾತ್ರ, “ಹೆಣ್ಣುಹುಡುಗಿ ಒದಿಯೂದು ಕಲೀತಾಳಂತ! ನಾಳಿ ಲಗ್ನ ಆದಮ್ಯಾಲ ಗಂಡನ್ನ ಒದೀತಾಳೇನು?” ಎಂದರು. ನಾನು ಜೋರಿನಲ್ಲಿ, “ಆಕಿ ಜೋಡಿ ನಾನೂ ಹೋಗ್ತೀನ್ರಿ, ನಾನೂ ಕಲೀತೀನಿ” ಎಂದುಬಿಟ್ಟೆ. ಶುರು ಮಾಡುವ ಚಟ ಸುಮ್ಮನೆ ಬಿಡುತ್ತದೆಯೇ? ಅತ್ತೆಯವರು, “ಆತು. ಆದ್ರ ನೀ ಯಾವತ್ತ ಬಿಡ್ತಿ, ಅವತ್ತ ಹುಡುಗಿನೂ ಬಿಡಬೇಕು” ಎಂದು ಷರತ್ತು ಹಾಕಿದರು. ಪಲ್ಲವಿ ನನ್ನ ಮುಖ ನೋಡಿದಳು. ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕೂತು ಹೋಂವರ್ಕ್ ಬರೆದು ಬೆಳೆದ ಹುಡುಗಿ ಅದು. ಅವಳ ಕಣ್ಣಲ್ಲಿ ಭರವಸೆ ಅಷ್ಟೇನೂ ಇರಲಿಲ್ಲ.

ಶಾಲೆಯೊಂದರ ಅಂಗಳದಲ್ಲಿ ಬೆಳಿಗ್ಗೆ ಕ್ಲಾಸು. ಸುರಪುರದ ಕಡೆಯಿಂದ ಬರುವ ಮಾಸ್ತರರು ಇಪ್ಪತ್ತೈದರ ಹುಡುಗ, ಬಲು ಮರ್ಯಾದಸ್ಥ. “ಅಕ್ಕಾರ, ಮುಷ್ಟಿ ಗಟ್ಟಿ ಹಿಡೀರಿ, ಖಾರಾ ಕುಟ್ಟಿದಂಗ ಹೊಡೀರಿ” ಎನ್ನುತ್ತಿದ್ದರು. ತೊಂದರೆ ಇದ್ದದ್ದು ಎಣಿಕೆಯಲ್ಲಿ. ಕರಾಟೆಯಲ್ಲಿ ಗುದ್ದುಗಳನ್ನು ಜಪಾನಿ ಭಾಷೆಯಲ್ಲಿ ಎಣಿಸುತ್ತಾರೆ: ಇಚ್, ನೀ, ಸಾನ್, ಶೀ, ಗೋ, ರೋಕ್, ಹೀಗೆ ಹತ್ತರ ತನಕ. ರೋಕ್ ಎಂದರೆ ಆರು. ಆದರೆ ನಮ್ಮ ಕಡೆಯ ಕಿವಿಯಲ್ಲಿ ಅರ್ಧ ಉರ್ದು ತುಂಬಿದೆ. ಟಂಟಂ ಆಟೋ ನಿಲ್ಲಿಸಲು ಚಿಕ್ಕಂದಿನಿಂದ “ರೋಕೋ ಭಾಯ್” ಎಂದು ಕೂಗಿದವಳು ನಾನು. ಮಾಸ್ತರರು ರೋಕ್ ಎಂದೊಡನೆ ನನ್ನ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ಎಲ್ಲರೂ ಹತ್ತು ಗುದ್ದಿದರೆ ನನ್ನದು ಐದಕ್ಕೇ ಮುಕ್ತಾಯ. ಅರ್ಧಕ್ಕೆ ಬಿಡಲು ಜಪಾನಿನವರೇ ಅಪ್ಪಣೆ ಕೊಟ್ಟಂತಾಗಿತ್ತು.

ಎರಡನೇ ವಾರ ಅತ್ತೆಯವರು ತಾವೇ ನೋಡಲು ಬಂದು ಶಾಲೆಯ ಕಟ್ಟೆಯ ಮೇಲೆ ಕೂತರು. ಮಾಸ್ತರರು ನನ್ನೆದುರು ನಿಂತು “ಇಚ್! ನೀ! ಸಾನ್! ಶೀ!” ಎಂದು ಕೂಗಿದ್ದೇ ತಡ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುವೆ ಬಂದರು.

“ಏ ತಮ್ಮಾ! ಯಾರಿಗಿ ನೀ ಅನ್ನಾಕತ್ತಿ? ವಯಸ್ಸಿನಾಗ ನಿನಗ ದೊಡ್ಡಾಕಿ ಆಕಿ.”

“ಯವ್ವಾ, ಅಕ್ಕಾರಿಗಿ ಅಂದಿಲ್ರಿ, ಎಣಸಾಕತ್ತೀನ್ರಿ...”

“ಎಣಸೂದಾದ್ರ ಶೀ ಅಂತ ಯಾಕ ಅಂತಿ? ನಮ್ಮ ಸೊಸಿಗಿ ಶೀ ಅನ್ನಾಕ ಮನ್ಯಾಗ ನಾ ಇದ್ದೀನಿ. ನೀ ಯಾರು?”

ಇಷ್ಟು ವರ್ಷದ ಸಂಸಾರದಲ್ಲಿ ಅತ್ತೆಯವರು ನನ್ನ ಪರವಾಗಿ ಜಗಳಕ್ಕೆ ನಿಂತದ್ದು ಅದೇ ಮೊದಲು. ನಗಬೇಕೋ ಕಣ್ಣೊರೆಸಿಕೊಳ್ಳಬೇಕೋ ತಿಳಿಯಲಿಲ್ಲ. ಪಾಪ, ಮಾಸ್ತರರು ಬೆರಳು ಮಡಚಿ ಹತ್ತರ ತನಕ ನಿಧಾನವಾಗಿ ಎಣಿಸಿ ತೋರಿಸಿದರು. ಅತ್ತೆಯವರು ಪೂರ್ತಿ ಕೇಳಿಸಿಕೊಂಡು, “ಹಂಗಾದ್ರ ರೋಕ್ ಅಂದ್ರ ಆರು. ಮತ್ತ ಇಕಿ ಅಲ್ಲಿಗಿ ಯಾಕ ನಿಂದ್ರತಾಳ?” ಎಂದರು. ಇಡೀ ಅಂಗಳ ನನ್ನ ಕಡೆ ತಿರುಗಿತು.

ಅಲ್ಲಿಂದ ಮನೆಯಲ್ಲೂ ಕ್ಲಾಸು ಶುರುವಾಯಿತು. ನಾನು ರೊಟ್ಟಿ ಬಡಿಯುವಾಗ ಅತ್ತೆಯವರು ಪಕ್ಕದಲ್ಲಿ ಕೂತು ಜಪಾನಿಯಲ್ಲಿ ಎಣಿಸುತ್ತಿದ್ದರು. ಕೈ ಆರನ್ನು ದಾಟಲು ಕಲಿಯಿತು. ಆದರೆ ಎರಡು ತಿಂಗಳಿಗೆ ಮೊಣಕಾಲು ಊದಿಕೊಂಡಿತು. ಇನ್ನು ಸಾಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಎಣ್ಣೆ ತಿಕ್ಕುತ್ತಾ ಕೂತಿದ್ದೆ. ಪಲ್ಲವಿ ನೋಡಿದಳು. ತನ್ನ ಬಿಳಿ ಕರಾಟೆ ಡ್ರೆಸ್ಸನ್ನು ಮಡಚಿ ಟ್ರಂಕಿನ ತಳದಲ್ಲಿಟ್ಟಳು.

“ಯಾಕ ಒಳಗಿಟ್ಟಿ?” ಎಂದೆ.

“ನೀ ಬಿಡ್ತಿ ಅಲ್ಲ ಮಮ್ಮಿ” ಎಂದಳು.

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಜಗಳ ತೆಗೆದಿದ್ದರೆ ಗದರಬಹುದಿತ್ತು. ಅವಳು ಎರಡೂ ಮಾಡಲಿಲ್ಲ, ಇದು ಹೀಗೇ ಆಗುತ್ತದೆಂದು ಮೊದಲೇ ಗೊತ್ತಿದ್ದವಳ ಹಾಗೆ ಪುಸ್ತಕ ತೆಗೆದು ಓದಲು ಕೂತಳು. ನನಗೆ ಎಂದೂ ಆಗದಷ್ಟು ನಾಚಿಕೆಯಾಯಿತು. ಟ್ರಂಕು ತೆಗೆದು ಡ್ರೆಸ್ಸನ್ನು ಮತ್ತೆ ಗೂಟಕ್ಕೆ ಹಾಕಿದೆ. ಮರುದಿನ ಬೆಳಿಗ್ಗೆ ಕುಂಟುತ್ತಲೇ ಅವಳೊಡನೆ ಹೋದೆ.

ಮೂರು ತಿಂಗಳು ಕಳೆದು ಬೆಲ್ಟ್ ಪರೀಕ್ಷೆ ನಡೆದು ಇಬ್ಬರಿಗೂ ಹಳದಿ ಬೆಲ್ಟ್ ಬಂತು. ಪಲ್ಲವಿ ಎಲ್ಲರಿಗಿಂತ ಮೊದಲು, ನಾನು ಎಲ್ಲರಿಗಿಂತ ಕೊನೆಗೆ. ಅವಳೀಗ ಟ್ಯೂಷನ್ನಿಗೆ ನೆಟ್ಟಗಿನ ದಾರಿಯಲ್ಲೇ ಹೋಗುತ್ತಾಳೆ. ಯಾರನ್ನೂ ಒದ್ದಿಲ್ಲ, ಒಮ್ಮೆ ನಿಂತು ತಿರುಗಿ ನೋಡಿದಳಂತೆ, ಸೈಕಲ್ಲುಗಳು ತಾವಾಗಿ ಸರಿದವಂತೆ. ನನಗೆ ಬೇರೇನೂ ಬೇಕಿರಲಿಲ್ಲ.

ಬೆಲ್ಟ್ ಬಂದ ದಿನ ಸಂಜೆ ಅತ್ತೆಯವರು ನನ್ನನ್ನು ಹತ್ತಿರ ಕೂರಿಸಿಕೊಂಡು, “ಹುಡುಗಿ ಗಟ್ಟಿ ಆಗ್ಯಾಳ, ಇನ್ನ ಒಬ್ಬಾಕಿನೇ ಹೋಗ್ತಾಳ. ನಿನ್ನ ಮೊಣಕಾಲು ಬ್ಯಾರೆ ನೋಯಾಕತ್ತಾವ. ನೀ ಸಾಕು ಮಾಡು” ಎಂದರು. ಎಂಥ ಅಂತಃಕರಣ ಎಂದು ಉಬ್ಬಿಹೋದೆ. “ಇಲ್ರೀ ಅತ್ಯಾರ, ಹಿಡಿದ ಕೆಲಸ ನಾ ಬಿಡಂಗಿಲ್ಲ” ಎಂದೆ, ಜೀವನದಲ್ಲಿ ಮೊದಲ ಸಲ. ಅವರ ಮುಖ ಸಪ್ಪಗಾಯಿತು.

“ಹಂಗಲ್ಲ, ನೀ ಬಿಟ್ರ ನಿನ್ನ ಡ್ರೆಸ್ಸು ಖಾಲಿ ಬೀಳ್ತದ. ನಾ ಒಮ್ಮಿ ಹಾಕ್ಕೊಂಡು ನೋಡೀನಿ, ಬರೋಬ್ಬರಿ ಕುಂದ್ರತದ. ಎಣಿಕಿ ಅಂತೂ ಬಂದೇ ಬರ್ತದ.”

ಅವರು ಒಂದು ಸಲ ಶುರು ಮಾಡಿದರೆ ಕಪ್ಪು ಬೆಲ್ಟ್ ಮನೆಗೆ ಬರುವ ತನಕ ಬಿಡುವವರಲ್ಲ. ಆಮೇಲೆ ಈ ಮನೆಯಲ್ಲಿ ನನ್ನ ಗತಿ? ಅಂದಿನಿಂದ ಒಂದು ದಿನವೂ ಕ್ಲಾಸು ತಪ್ಪಿಸಿಲ್ಲ. ಮೊನ್ನೆ ಮಾಸ್ತರರು ಮಕ್ಕಳೆದುರು, “ಛಲ ಅಂದ್ರ ಏನಂತ ಅಕ್ಕಾರನ್ನ ನೋಡಿ ಕಲೀರಿ” ಎಂದು ಹೊಗಳಿದರು. ನಾನು ಸೊಂಟ ಬಗ್ಗಿಸಿ ವಂದಿಸಿದೆ. ಡ್ರೆಸ್ಸು ಒಗೆದು ಮಾಳಿಗೆಯ ಮೇಲೆ ಹರವಿ, ಅದು ಒಣಗುವ ತನಕ ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂರುವುದು ಮಾಸ್ತರರಿಗೇನು ಗೊತ್ತು!